ಚೀಟಿ ಕೂಗಿದ ಸಂಜೆ ಮನೆಗೆ ಬರುತ್ತಿದ್ದವರು

ಕಳೆದ ತಿಂಗಳ ಕೊನೆಯ ದಿನ ನಮ್ಮ ಶಾಲೆಯ ಕ್ಲರ್ಕಮ್ಮ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡಿ ಎಂದು ಹೆಡ್‌ಮಾಸ್ಟರು ನನ್ನನ್ನು ಎಬ್ಬಿಸಿದರು. ನಾನು ಎದ್ದು, ಅವರು ಸರಳತೆಯ ಸಾಕಾರಮೂರ್ತಿ, ಕಡತ ವಿಲೇವಾರಿಯಲ್ಲಿ ಎತ್ತಿದ ಕೈ, ಅವರ ನಿವೃತ್ತ ಜೀವನ ಸುಖಮಯವಾಗಿರಲಿ ಎಂದು ಹೇಳಿ ಕೂತೆ. ಚಪ್ಪಾಳೆ ಬಿತ್ತು. ಹಿಂದಿನ ವರ್ಷ ನಿವೃತ್ತರಾದ ಪಿ.ಟಿ. ಮೇಷ್ಟ್ರಿಗೂ ನಾನು ಇದನ್ನೇ ಹೇಳಿದ್ದೆ. ಕಡತದ ಜಾಗದಲ್ಲಿ ಕಬಡ್ಡಿ ಇತ್ತು, ಅಷ್ಟೇ. ನಿಜವಾಗಿ ಹೇಳಬೇಕಾಗಿದ್ದು ಬೇರೆ. ಈ ಹೆಂಗಸು ನನ್ನನ್ನು ಸಾಯಲು ಬಿಡಲಿಲ್ಲ ಎಂದು ಹೇಳಬೇಕಾಗಿತ್ತು. ಶಾಲು, ಹಣ್ಣಿನ ಬುಟ್ಟಿ, ಮೈಕು, ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಊರ ಪ್ರಮುಖರು, ಇವರೆಲ್ಲರ ಎದುರಿಗೆ ಆ ಮಾತು ಬಾಯಿಂದ ಹೊರಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಅವರು ಸ್ಟಾಫ್‌ರೂಮಿನಲ್ಲಿ ಚೀಟಿ ನಡೆಸುತ್ತಿದ್ದರು, ಪಿಂಚಣಿ ಇನ್ನೂ ಮಂಜೂರಾಗಿಲ್ಲ. ನನ್ನ ಭಕ್ತಿಯಿಂದ ಅವರ ಪಿಂಚಣಿಗೆ ಕಲ್ಲು ಬೀಳುವುದು ಬೇಡ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ನಾನಲ್ಲಿ ಗಣಿತದ ಮೇಷ್ಟ್ರು, ಮಾಸ್ತಿ ಕಡೆಯವನು. ಅವರದು ಕುರುಡುಮಲೆಯ ಪಕ್ಕದ ಹಳ್ಳಿ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಒಟ್ಟಿಗೆ. ಸಣಕಲು ಮೈ, ದಾರ ಕಟ್ಟಿದ ಕನ್ನಡಕ, ಮಳೆಯಿರಲಿ ಬಿಸಿಲಿರಲಿ ಕಂಕುಳಲ್ಲಿ ಒಂದು ಛತ್ರಿ. ನಮ್ಮೆಲ್ಲರ ಇನ್‌ಕ್ರಿಮೆಂಟಿನ ತಾರೀಖು ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಆದರೂ ಹೆಡ್‌ಮಾಸ್ಟರು ಏನು ಕೇಳಿದರೂ ಮೊದಲು, "ಏಮೋ ಸಾರ್, ನಂಗೇನ್ ಗೊತ್ತು?" ಅನ್ನುವರು. ಎರಡು ನಿಮಿಷ ಬಿಟ್ಟು ಸುತ್ತೋಲೆಯ ನಂಬರಿನ ಸಮೇತ ಉತ್ತರ ಬರುತ್ತಿತ್ತು.

ಅವರಿಗೆ ಈ ಕೆಲಸ ಸಿಕ್ಕಿದ್ದು ಅನುಕಂಪದ ಆಧಾರದ ಮೇಲೆ. ಗಂಡ ಮುಳಬಾಗಿಲು ಕಡೆ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದರಂತೆ. "ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ" ಎಂದು ಆಗ ಕಾಗದದಲ್ಲಿ ಬರೆದುಕೊಂಡಿದ್ದರಂತೆ. ನಮ್ಮ ಕಡೆ ಈ ಹೊಟ್ಟೆನೋವು ಒಂದು ಭಯಂಕರ ಕಾಯಿಲೆ. ಅದು ಸಾಲ ಇದ್ದವರಿಗೇ ಹೆಚ್ಚಾಗಿ ಬರುತ್ತದೆ, ಅದಕ್ಕೆ ಯಾವ ಡಾಕ್ಟರೂ ಔಷಧಿ ಬರೆದಿರುವುದಿಲ್ಲ, ಆದರೆ ಮಹಜರು ಬರೆಯುವವರು ಮಾತ್ರ ಕ್ಷಣದಲ್ಲಿ ಪತ್ತೆ ಹಚ್ಚುತ್ತಾರೆ. ಮನೆಯವರಿಗೂ ಅನುಕೂಲ, ಸಾಲ ಕೊಟ್ಟವರಿಗೂ ಅನುಕೂಲ. ನಾವೆಲ್ಲ ಅದನ್ನು ನಂಬಿದವರಂತೆ ಇದ್ದೆವು. ಕ್ಲರ್ಕಮ್ಮ ಆ ವಿಷಯ ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಇನ್ನು ಚೀಟಿ. ಇಪ್ಪತ್ತು ಜನ, ತಿಂಗಳಿಗೆ ತಲಾ ಐದು ಸಾವಿರ. ಸಂಬಳ ಆದ ಮೇಲೆ ಒಂದು ದಿನ, ಕೊನೆಯ ಗಂಟೆ ಹೊಡೆದಾಗ ಸ್ಟಾಫ್‌ರೂಮಿನಲ್ಲಿ ಕೂಗು. ಕೂಡಿದ ಒಂದು ಲಕ್ಷದಲ್ಲಿ ಯಾರು ಹೆಚ್ಚು ದುಡ್ಡು ಬಿಟ್ಟುಕೊಡುತ್ತೇನೆ ಅನ್ನುತ್ತಾರೋ ಅವರಿಗೆ ಆ ತಿಂಗಳ ಚೀಟಿ. ಬಿಟ್ಟುಕೊಟ್ಟ ದುಡ್ಡನ್ನು ಇಪ್ಪತ್ತು ಪಾಲು ಮಾಡಿ ಎಲ್ಲರಿಗೂ ಲಾಭ ಅಂತ ಹಂಚುತ್ತಾರೆ. ಕೂಗಿದವನಿಗೂ ಅದರಲ್ಲಿ ಒಂದು ಪಾಲು. ಅಂದರೆ ಒಬ್ಬನಿಗೆ ಕುತ್ತಿಗೆಗೆ ಬಂದಷ್ಟೂ ಉಳಿದವರಿಗೆ ಒಳ್ಳೆಯದು. ಮಾಮೂಲಿ ತಿಂಗಳಲ್ಲಿ ಐದೋ ಆರೋ ಸಾವಿರ ಬಿಡುತ್ತಾರೆ, ತಲೆಗೆ ಮುನ್ನೂರು ಬರುತ್ತದೆ, ಯಾರೂ ಖುಷಿಪಡುವುದಿಲ್ಲ. ಯಾರಾದರೂ ಮೂವತ್ತು ಸಾವಿರ ಬಿಟ್ಟರೆ ಸ್ಟಾಫ್‌ರೂಮಿನಲ್ಲಿ ಹಬ್ಬ, ಬೋಂಡಾ ತರಿಸುತ್ತೇವೆ. ಬಿಟ್ಟವನಿಗೂ ಎರಡು ಬೋಂಡಾ ಕೊಡುತ್ತೇವೆ.

ಹಾಗೆ ಯಾರಾದರೂ ತುಂಬ ಬಿಟ್ಟು ಚೀಟಿ ಎತ್ತಿದ ಸಂಜೆ ಕ್ಲರ್ಕಮ್ಮ ಅವರ ಮನೆಗೆ ಹಾಜರಾಗುತ್ತಿದ್ದರು. ಚೀಟಿ ದುಡ್ಡು ಅವತ್ತು ಕೊಡುವವರಲ್ಲ, ನಾಳೆ ಅನ್ನುವರು. ಆದರೆ ಮನೆಗೆ ಮಾತ್ರ ಬರುವರು, ಕೂರುವರು, ಊಟ ಮಾಡಿಯೇ ಏಳುವರು. "ಚಾಲು ಚಾಲು" ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುವರು. ಕೆಲವೊಮ್ಮೆ ಮಾರನೆಯ ದಿನವೂ ಬರುವರು. ಚೀಟಿ ನಡೆಸುವುದಕ್ಕೆ ಈಯಮ್ಮ ಕಮಿಷನ್ ತಗೊಳ್ಳದೆ ಊಟದಲ್ಲಿ ವಸೂಲಿ ಮಾಡ್ತಾರೆ ಎಂದು ನಾವು ಆಡಿಕೊಂಡು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ನಮ್ಮ ಹಿಂದಿ ಮೇಷ್ಟ್ರಿಗೆ ಇದರಿಂದ ಆದ ಪಾಡು ಹೇಳಬೇಕು. ಒಂದು ಸಲ ಅವರು ಮೂವತ್ತೆರಡು ಸಾವಿರ ಬಿಟ್ಟು ಚೀಟಿ ಎತ್ತಿದರು. ಕಾರಣ ಏನೆಂದರೆ ಕೋಲಾರದಲ್ಲಿ ಯಾರದೋ ಹಳೆಯ ಬುಲೆಟ್ ಬೈಕು ಮಾರಾಟಕ್ಕಿತ್ತು, ಹೆಂಡತಿಗೆ ಗೊತ್ತಾಗುವ ಮೊದಲು ತಂದು ನಿಲ್ಲಿಸಬೇಕಿತ್ತು. ಕ್ಲರ್ಕಮ್ಮ ನಾಲ್ಕು ಸಂಜೆ ಅವರ ಮನೆಯಲ್ಲಿ ಕೂತರು. ಹೆಂಡತಿಯ ಎದುರಿಗೇ, "ಸಾರ್, ಏನಾದ್ರೂ ತೊಂದ್ರೆ ಇದ್ರೆ ಬಾಯಿಬಿಟ್ಟು ಹೇಳ್ಬೇಕು" ಎಂದು ಕೇಳಿದರು. ಹೆಂಡತಿ ಗಾಬರಿಯಾಗಿ ಗಂಡನ ಜೇಬು, ಡೈರಿ, ಫೋನು ಎಲ್ಲ ಜಾಲಾಡಿದಳು. ಬುಲೆಟ್ಟು ಹೊರಗೆ ಬಂತು, ಮನೆಗೆ ಬರಲಿಲ್ಲ. ಹಿಂದಿ ಮೇಷ್ಟ್ರು ಆರು ತಿಂಗಳು ಕ್ಲರ್ಕಮ್ಮನ ಜೊತೆ ಮಾತು ಬಿಟ್ಟರು. ಆಕೆಗೆ ಅದರ ಬಗ್ಗೆ ಏನೂ ಬೇಸರವಿರಲಿಲ್ಲ. "ನಾಕು ಊಟ ವೇಸ್ಟಾಯ್ತು, ಪರವಾಲೇದು" ಅಂದರು. ಊಟ ಯಾಕೆ ವೇಸ್ಟು ಎಂದು ನನಗೆ ಆಗ ಅರ್ಥವಾಗಲಿಲ್ಲ.

ಐದು ವರ್ಷದ ಹಿಂದೆ ನನ್ನ ಸರದಿ ಬಂತು.

ಹತ್ತನೇ ತರಗತಿಗೆ ಸಂಭವನೀಯತೆ ಪಾಠ ಮಾಡುವವನು ನಾನು. ನಾಣ್ಯ ಚಿಮ್ಮಿದರೆ ಮುಂದೇನು ಬೀಳುತ್ತದೆಂದು ಯಾರಿಗೂ ಹೇಳಲು ಬರುವುದಿಲ್ಲ ಎಂದು ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಸಾಧಿಸಿ ತೋರಿಸಿದವನು, ಮೊಬೈಲಿನಲ್ಲಿ ಷೇರು ಪೇಟೆಯ ಆಪ್ಷನ್ ಆಟಕ್ಕೆ ಕೂತೆ. ಮೊದಲ ತಿಂಗಳು ಲಾಭ ಬಂತು. ನಾನು ಬುದ್ಧಿವಂತ ಎಂಬ ಅನುಮಾನ ಮೊದಲಿಂದ ಇತ್ತು, ಅದು ದೃಢವಾಯಿತು. ಆಮೇಲೆ ಉಳಿತಾಯ ಹೋಯಿತು, ಬ್ಯಾಂಕಿನ ಸಾಲ ಹೋಯಿತು, ಹೆಂಡತಿಯ ಬಳೆ ಅಡವಿಗೆ ಹೋಯಿತು. ಬಳೆ ಲಾಕರಿನಲ್ಲಿದೆ ಎಂದು ಅವಳಿಗೆ ಹೇಳಿದ್ದೆ. ಕೊನೆಗೆ ಫೋನಿನಲ್ಲೇ ಐದು ನಿಮಿಷದಲ್ಲಿ ಸಾಲ ಕೊಡುವವರ ಕೈಗೆ ಬಿದ್ದೆ. ಆ ತಿಂಗಳು ಚಕ್ರಬಡ್ಡಿ ಪಾಠವನ್ನು ನಾನು ಮಾಡಿದಷ್ಟು ಮನಮುಟ್ಟುವಂತೆ ಯಾರೂ ಮಾಡಿರಲಾರರು. ಸಾಲ ಕೊಟ್ಟವರು ದಿನಕ್ಕೆ ನಲವತ್ತು ಸಲ ಫೋನ್ ಮಾಡುತ್ತಿದ್ದರು. ನನ್ನ ಫೋನಿನಲ್ಲಿರುವ ಅಷ್ಟೂ ನಂಬರಿಗೆ, ನನ್ನ ಹಳೆಯ ವಿದ್ಯಾರ್ಥಿಗಳಿಗೂ ಸೇರಿಸಿ, ಇವನು ಕಳ್ಳ ಎಂದು ಫೋಟೋ ಕಳಿಸುತ್ತೇವೆ ಅನ್ನುತ್ತಿದ್ದರು. ಎರಡು ತಿಂಗಳಿಂದ ನನಗೆ ನಿದ್ದೆ ಇರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಮೇಷ್ಟ್ರ ಮರ್ಯಾದೆ ಅಂತ ಒಂದಿರುತ್ತದಲ್ಲ, ಅದನ್ನು ಕಾಪಾಡಿಕೊಳ್ಳುತ್ತಿದ್ದೆ.

ಆ ತಿಂಗಳ ಕೂಗಿನಲ್ಲಿ ನಾನು ಒಂದೇ ಬಾರಿಗೆ, "ನಲವತ್ತು ಸಾವಿರ ಬಿಡ್ತೀನಿ" ಅಂದೆ. ಸ್ಟಾಫ್‌ರೂಮು ಚಪ್ಪಾಳೆ ಹೊಡೆಯಿತು. ತಲೆಗೆ ಎರಡು ಸಾವಿರ! ಹೆಡ್‌ಮಾಸ್ಟರು ನನ್ನ ಬೆನ್ನು ತಟ್ಟಿ, "ಸೈಟ್ ಏನಾದ್ರೂ ತಗೋತಿದ್ದೀರೇನ್ರೀ ಮೇಷ್ಟ್ರೇ?" ಎಂದರು. ಹೌದು ಸಾರ್ ಅಂದೆ. ಬೋಂಡಾ ಬಂತು, ತಿಂದೆ.

ಹೆಂಡತಿ, ಮಗಳು ಸುಗಟೂರಿಗೆ ಹೋಗಿದ್ದರು, ಹೆಂಡತಿಯ ತವರಿಗೆ. ಹೋಗಿ ನಾಲ್ಕು ದಿನ ಇದ್ದು ಬನ್ನಿ ಎಂದು ನಾನೇ ಕಳಿಸಿದ್ದೆ. ಮನೆಗೆ ಬಂದು ಮಂಚದ ಮೇಲೆ ಕಾಗದ ಪತ್ರ ಹರಡಿಕೊಂಡೆ. ಹಳೆಯ ಪ್ರಶ್ನೆಪತ್ರಿಕೆಯ ಹಿಂದುಗಡೆ ಒಂದು ಲೆಕ್ಕ ಬರೆದೆ. ಎಡಕ್ಕೆ ಸಾಲಗಳು. ಬಲಕ್ಕೆ, ನಾನಿಲ್ಲದಿದ್ದರೆ ಮನೆಗೆ ಬರುವುದೇನು ಎಂಬ ಪಟ್ಟಿ. ಕೆಳಗೆ ಗೆರೆ ಎಳೆದು ಕಳೆದೆ. ಉತ್ತರದಲ್ಲಿ ಹೆಂಡತಿ ಮಗಳು ಸುಖವಾಗಿದ್ದರು. ಹಂತ ಹಂತವಾಗಿ ಬಿಡಿಸಿದ್ದೆ, ಪೂರ್ತಿ ಅಂಕ ಕೊಡಬಹುದಾದ ಲೆಕ್ಕ.

ಬಾಗಿಲು ತಟ್ಟಿದ ಸದ್ದಾದಾಗ ಐದೂವರೆ. ತೆಗೆದರೆ ಛತ್ರಿ ಹಿಡಿದು ಕ್ಲರ್ಕಮ್ಮ.

"ಮನೇಲಿ ಯಾರೂ ಇಲ್ವಾ ಮೇಷ್ಟ್ರೇ? ನಿಮ್ ಮಿಸೆಸ್ ಎಲ್ಲಿ?"

"ಊರಿಗೋಗಿದ್ದಾಳೆ ಮೇಡಂ. ಚೀಟಿ ದುಡ್ಡು ತಂದ್ರಾ?"

"ದುಡ್ಡು ಎಲ್ಲಿಗೋಗುತ್ತೆ? ನಾಳೆ ಕೊಡ್ತೀನಿ. ಅಡಿಗೆ ಮನೆ ಎಲ್ಲಿ ತೋರ್ಸಿ."

ವಸೂಲಿಗೆ ಬಂದಳಪ್ಪ ಅಂದುಕೊಂಡೆ. ಸಾಯಲು ಹೊರಟವನಿಗೂ ಊಟ ಹಾಕುವುದರ ಬಗ್ಗೆ ಕಿರಿಕಿರಿಯಾಗುತ್ತದೆ, ನೋಡಿ. ಅಡಿಗೆ ಮನೆಗೆ ಹೋಗಬೇಕಾದರೆ ಮಂಚದ ಪಕ್ಕದಲ್ಲೇ ಹೋಗಬೇಕು. ನಾನು ಕಾಗದಗಳ ಮೇಲೆ ಪೇಪರ್ ಎಳೆದೆ. ಆದರೆ ಇಪ್ಪತ್ತೊಂದು ವರ್ಷ ಕಡತ ನೋಡಿದ ಕಣ್ಣು. ಅವರು ನಿಂತರು, ಪೇಪರ್ ಸರಿಸಿದರು, ಪ್ರಶ್ನೆಪತ್ರಿಕೆ ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಆಮೇಲೆ, ನಾಳೆ ರಜೆ ಬೇಕಾ ಎಂದು ಕೇಳುವ ದನಿಯಲ್ಲಿ ಕೇಳಿದರು.

"ಸಾಯ್ಬೇಕು ಅಂತಿದ್ದೀರಾ ಮೇಷ್ಟ್ರೇ?"

ಛೆ, ಛೆ, ಎಂಥ ಮಾತು ಮೇಡಂ ಎನ್ನುವ ಉತ್ತರ ನನ್ನ ಹತ್ತಿರ ತಯಾರಿತ್ತು. ಬಾಯಿ ತೆಗೆದರೆ ಅಳು ಬಂತು. ಮೂಗು ಬಾಯಿ ಎಲ್ಲ ಸೋರುವ ಹಾಗೆ, ಮಗುವಿನ ಹಾಗೆ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು, ಕಾದರು. ನಾನು ಮುಖ ಒರೆಸಿಕೊಂಡ ಮೇಲೆ ನನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದುಕೊಂಡರು.

"ಲೆಕ್ಕ ತಪ್ಪು. ಗಣಿತದ ಮೇಷ್ಟ್ರಾಗಿ ಇಂಥ ಲೆಕ್ಕ ಬರ್ದಿದ್ದೀರಲ್ರೀ, ನಾಚ್ಕೆ ಆಗಲ್ವಾ?"

"ಎಲ್ಲಿ ತಪ್ಪು?" ಅಂದೆ. ಆ ಸ್ಥಿತಿಯಲ್ಲೂ ನನಗೆ ರೋಷ ಬಂದಿತ್ತು.

"ಇಲ್ಲಿ, ಅನುಕಂಪದ ನೌಕರಿ ಅಂತ ಬರ್ದಿದ್ದೀರಿ. ಅದು ನಾನೇ ಅಲ್ವಾ? ಎದುರಿಗೇ ಕೂತಿದ್ದೀನಿ. ನನ್ನ ನೋಡ್ಕೊಂಡು ಬರೀರಿ, ಎಷ್ಟು ಬರೀತೀರೋ." ಅವರ ದನಿ ಏರಿತು. "ನಮ್ಮನೆಯವ್ರಿಗೆ ಒಂದಿನಾನೂ ಹೊಟ್ಟೆನೋವು ಬಂದಿದ್ದಿಲ್ಲ. ಕಲ್ಲು ತಿಂದ್ರೂ ಅರಗೋದು ಅವ್ರಿಗೆ. ಸಾಲ ಇತ್ತು. ನಂಗೆ ಹೇಳ್ಲಿಲ್ಲ. ನಿಮ್ಮಂಗೇ ಎಲ್ಲೋ ಕೂತ್ಕೊಂಡು ಲೆಕ್ಕ ಹಾಕಿರ್ಬೇಕು. ಆ ಸಾಲ ಎಷ್ಟು ಅಂತೀರಾ? ಎರಡು ಹಸು ಕಟ್ಕೊಂಡು ಒಂದೆರಡು ವರ್ಷ ಡೈರಿಗೆ ಹಾಲು ಹಾಕಿದ್ರೆ ತೀರ್ತಿತ್ತು ಸಾರ್! ನನ್ನ ಒಂದ್ ಮಾತು ಕೇಳಿದ್ರೆ ಸಾಕಾಗಿತ್ತು."

ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು.

"ನನ್ ಮಗಳಿಗೆ ಆಗ ಹತ್ತು ವರ್ಷ. ಅದರ ಹಿಂದಿನ ವಾರ ಜಾಮೆಟ್ರಿ ಬಾಕ್ಸ್ ಬೇಕು ಅಂತ ಅವ್ರಪ್ಪನ ಹತ್ರ ಹಟ ಮಾಡಿದ್ಲು. ಈಗ ಅವಳಿಗೇ ಒಂದು ಮಗು ಐತೆ. ಹೋದ ವಾರ ಫೋನ್ ಮಾಡಿ ಕೇಳ್ತಾಳೆ, ಅಮ್ಮಾ, ನಾನು ಬಾಕ್ಸ್ ಕೇಳಿದ್ದಕ್ಕಾ ಅಪ್ಪ ಹಂಗ್ ಮಾಡ್ಕೊಂಡಿದ್ದು, ಅಂತ. ಇಪ್ಪತ್ತೊಂದು ವರ್ಷದಿಂದ ಕೇಳ್ತಾವ್ಳೆ. ಇದನ್ನ ಯಾವ ಕಾಲಮ್ಮಿಗೆ ಹಾಕ್ತೀರಿ? ಹೇಳಿ, ನಾನೇ ಬರ್ಕೋತೀನಿ."

ಪೆನ್ನು ಹಿಡಿದುಕೊಂಡೇ ಕಾದರು. ನನ್ನ ಮಗಳಿಗೆ ಆಗ ಒಂಬತ್ತು. ಸುಗಟೂರಿಗೆ ಹೊರಡುವ ದಿನ ಅವಳು ಹೊಸ ಚಪ್ಪಲಿ ಕೇಳಿದ್ದಳು, ಮುಂದಿನ ತಿಂಗಳು ನೋಡೋಣ ಎಂದು ಗದರಿದ್ದೆ. ಲೆಕ್ಕದಲ್ಲಿ ಅದು ಎಲ್ಲೂ ಇರಲಿಲ್ಲ. ಕ್ಲರ್ಕಮ್ಮ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೀಟು ಎಳೆದರು. ನನ್ನ ಇಡೀ ಸರ್ವಿಸಿನಲ್ಲಿ ಅಷ್ಟು ಉದ್ದದ ಗೀಟು ನಾನು ಯಾವ ದಡ್ಡನಿಗೂ ಎಳೆದಿಲ್ಲ.

"ಈಗ ಹೆಂಡ್ತಿಗೆ ಫೋನ್ ಮಾಡಿ."

"ಬೇಡ ಮೇಡಂ, ಅವಳಿಗೆ ಏನೂ ಗೊತ್ತಿಲ್ಲ."

"ಅದೇ ಮತ್ತೆ ರೋಗ. ನೀವ್ ಮಾಡ್ತೀರೋ, ನಾನ್ ಮಾಡ್ಲೋ?"

ನಾನೇ ಮಾಡಿದೆ. ಷೇರು, ಸಾಲ, ಬಳೆ, ಎಲ್ಲ ಹೇಳಿದೆ. ಸಾಯಬೇಕೆಂದಿದ್ದೆ ಎಂದೂ ಹೇಳಿದೆ, ಏಕೆಂದರೆ ಕ್ಲರ್ಕಮ್ಮ ಎದುರಿಗೆ ಕೂತು ಕೈಯಲ್ಲಿ ಸನ್ನೆ ಮಾಡುತ್ತಿದ್ದರು, ಅದನ್ನೂ ಹೇಳು, ಅದನ್ನೂ ಹೇಳು ಎಂದು. ಆಮೇಲೆ ನನ್ನ ಹೆಂಡತಿ ಮದುವೆಯಾದಾಗಿನಿಂದ ಕೂಡಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಒಂದೇ ಸಲಕ್ಕೆ ಬೈದಳು. "ಬಳೆ ಹೋದ್ರೆ ಹಾಳಾಗೋಗ್ಲಿ! ನಿಮ್ ಬುದ್ಧಿಗಿಷ್ಟು ಬೆಂಕಿ ಹಾಕ! ಅಲ್ಲೇ ಕೂತಿರಿ, ಅಲ್ಲಾಡಬೇಡಿ, ಬರ್ತಾ ಇದ್ದೀನಿ!" ಎಂದು ಕಿರುಚಿ ಅಳುತ್ತ ಫೋನ್ ಇಟ್ಟಳು. ಅಷ್ಟು ಚೆನ್ನಾಗಿ ಯಾರೂ ನನ್ನನ್ನು ಬೈದಿರಲಿಲ್ಲ.

ಕ್ಲರ್ಕಮ್ಮ ಮುದ್ದೆ ಮಾಡಿದರು, ಟೊಮೆಟೊ ಗೊಜ್ಜು ಮಾಡಿದರು, ನಮ್ಮ ಮನೆಯ ಪಾತ್ರೆಗಳ ತಳ ನೋಡಿ ನನ್ನ ಹೆಂಡತಿಯ ಬಗ್ಗೆ ಒಂದೆರಡು ಮಾತು ಆಡಿದರು. ನಾನು ಉಂಡೆ. ಮಾವನ ಬೈಕಿನಲ್ಲಿ ಹೆಂಡತಿ ಬಂದು ಇಳಿಯುವ ತನಕ ಅವರು ನನ್ನನ್ನು ಬಚ್ಚಲಿಗೂ ಒಬ್ಬನನ್ನೇ ಬಿಡಲಿಲ್ಲ, ಹೊರಗೆ ನಿಂತು ಸುತ್ತೋಲೆಗಳ ವಿಷಯ ಮಾತಾಡಿಸುತ್ತಿದ್ದರು.

ಮಾರನೆಯ ಬೆಳಿಗ್ಗೆ ನನ್ನನ್ನೂ ಹೆಂಡತಿಯನ್ನೂ ಕೋಲಾರದ ದೊಡ್ಡಾಸ್ಪತ್ರೆಗೆ ಹೊರಡಿಸಿದರು, ಮನಸ್ಸಿನ ಡಾಕ್ಟರ ಹತ್ತಿರ. "ನಂಗೇನ್ ಹುಚ್ಚಾ ಮೇಡಂ?" ಎಂದು ಕೇಳಿದ್ದಕ್ಕೆ, "ಎರಡು ತಿಂಗಳು ನಿದ್ದೆ ಇಲ್ದೆ ಷೇರು ಆಡಿದ್ದೀರಿ, ಅದ್ನ ಅವ್ರು ಹೇಳ್ಲಿ" ಎಂದರು. ಡಾಕ್ಟರು ಹುಚ್ಚು ಅನ್ನಲಿಲ್ಲ. ಮಾತಾಡಿಸಿದರು, ಮಾತ್ರೆ ಕೊಟ್ಟರು, ವಾರ ವಾರ ಬರಲು ಹೇಳಿದರು. ಫೋನಿನ ಸಾಲದವರ ಮೇಲೆ ಪೊಲೀಸರಿಗೆ ದೂರು ಬರೆದವರೂ ಕ್ಲರ್ಕಮ್ಮನೇ. ಆ ದೂರಿಗೆ ವಿಷಯ, ಉಲ್ಲೇಖ, ಅಡಕ ಎಲ್ಲ ಇತ್ತು.

ಆದರೆ ಅವರ ಪರಾಕ್ರಮ ಕಾಣಿಸಿದ್ದು ಚೀಟಿಯಲ್ಲಿ. ಕೂಗು ಒಮ್ಮೆ ಆದ ಮೇಲೆ ಮುಗಿಯಿತು, ಅದನ್ನು ದೇವರು ಬಂದರೂ ಬದಲಾಯಿಸುವಂತಿಲ್ಲ. ಕ್ಲರ್ಕಮ್ಮ ಸ್ಟಾಫ್‌ರೂಮಿಗೆ ಹೋಗಿ, ನಿನ್ನೆಯ ಕೂಗಿನ ಲೆಕ್ಕದಲ್ಲಿ ತಪ್ಪಾಗಿದೆ, ಕೂಗು ರದ್ದು, ಎಲ್ಲರೂ ಎರಡೆರಡು ಸಾವಿರ ವಾಪಸ್ ಇಡಿ ಎಂದರಂತೆ. ಏನು ತಪ್ಪು ಎಂದು ಹೇಳಲಿಲ್ಲ. ನಮ್ಮವರು ಜೀವ ಬಿಟ್ಟಾರು, ಕೈಗೆ ಬಂದ ಎರಡು ಸಾವಿರ ಬಿಡುವವರಲ್ಲ. ಹೆಡ್‌ಮಾಸ್ಟರು ಆಗಲೇ ಟೇಬಲ್ ಫ್ಯಾನ್ ಕೊಂಡಿದ್ದರು. ಕ್ಲರ್ಕಮ್ಮ ಪ್ರತಿಯೊಬ್ಬರ ಮುಂದೆಯೂ ಕೈ ಚಾಚಿ ನಿಂತು ವಸೂಲಿ ಮಾಡಿದರು. ನಿಮ್ಮ ಟಿ.ಎ. ಬಿಲ್ಲು ನನ್ನ ಮೇಜಿನ ಮೇಲೇ ಇದೆ ಎಂದು ಇಬ್ಬರಿಗೆ ನೆನಪಿಸಬೇಕಾಯಿತಂತೆ. ಮತ್ತೆ ಕೂಗು ನಡೆಸಿ, ಬೇರೆ ಯಾರೂ ಬಾಯಿ ತೆಗೆಯದ ಹಾಗೆ ನೋಡಿಕೊಂಡು, ಐದು ಸಾವಿರಕ್ಕೆ ನನ್ನ ಹೆಸರಿಗೆ ಮುಗಿಸಿದರು. ಗಣಿತದ ಮೇಷ್ಟ್ರಿಗೆ ಕೂಡಿ ಕಳೆಯಲು ಬರುವುದಿಲ್ಲ ಎಂದು ಹಿಂದಿ ಮೇಷ್ಟ್ರು ಈಗಲೂ ಛೇಡಿಸುತ್ತಾರೆ. ಹೌದು ಅನ್ನುತ್ತೇನೆ.

ಸಾಲ ಇವತ್ತಿಗೂ ಪೂರ್ತಿ ತೀರಿಲ್ಲ. ಮಾಲೂರಿನ ಸೈಟು ಮಾರಿದೆವು, ಹೆಂಡತಿ ಟೈಲರಿಂಗ್ ಹಿಡಿದಳು, ಫೋನು ಅವಳ ಹತ್ತಿರವೇ ಇರುತ್ತದೆ. ಸಾಲ ಇಟ್ಟುಕೊಂಡೇ ಮನುಷ್ಯ ಉಣ್ಣಬಹುದು, ನಿದ್ದೆ ಮಾಡಬಹುದು, ಮಗಳ ಹತ್ತಿರ ಜಗಳ ಆಡಬಹುದು ಎಂಬುದು ನನಗೆ ದೊಡ್ಡ ಸಂಶೋಧನೆಯಾಗಿತ್ತು.

ಬೀಳ್ಕೊಡುಗೆ ಮುಗಿದ ಮೇಲೆ ಕ್ಲರ್ಕಮ್ಮನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಮುಳಬಾಗಿಲಿನಲ್ಲಿ ಮಗಳ ಮನೆಗೆ ಹೊರಟಿದ್ದರು. ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಹಣ್ಣಿನ ಬುಟ್ಟಿ ನಡುವೆ ಇಟ್ಟುಕೊಂಡು ಕೂತೆವು. ಐದು ವರ್ಷದಿಂದ ಕೇಳದೆ ಉಳಿಸಿಕೊಂಡಿದ್ದನ್ನು ಅಲ್ಲಿ ಕೇಳಿದೆ. "ಮೇಡಂ, ದುಡ್ಡು ಜಾಸ್ತಿ ಬಿಟ್ಟೋರ ಮನೆಗೇ ಹೋಗ್ಬೇಕು ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

ಅವರು ಬುಟ್ಟಿಯ ಮೇಲಿನ ಬಣ್ಣದ ಹಾಳೆ ಬಿಡಿಸುತ್ತ, ಏಮೋ ಅನ್ನಲಿಲ್ಲ.

"ನಮ್ಮನೆಯವ್ರ ಸ್ಕೂಲಲ್ಲೂ ಚೀಟಿ ಇತ್ತು ಮೇಷ್ಟ್ರೇ. ಒಂದಿನ ಸಾಯಂಕಾಲ ಮನೆಗೆ ಬಂದೋರೇ ಐನೂರು ರೂಪಾಯಿ ನನ್ ಕೈಗಿಟ್ರು. ಎಲ್ಲಿಂದು ಅಂದೆ. ಚೀಟೀಲಿ ಯಾರೋ ಪಾಪ ಅರ್ಧಕ್ಕರ್ಧ ಬಿಟ್ಟು ಎತ್ತಿದ ಕಣೇ, ನಮಗೆಲ್ಲ ಲಾಭ ಬಂತು, ಸೀರೆ ತಗೋ ಅಂದ್ರು. ನಂಗೆ ಏನ್ ಖುಷಿ ಅಂತೀರಾ! ಆ ಪುಣ್ಯಾತ್ಮ ಚೆನ್ನಾಗಿರ್ಲಪ್ಪ, ತಿಂಗಳು ತಿಂಗಳು ಇಂಥೋನೊಬ್ಬ ಸಿಗ್ಲಿ ಅಂದೆ. ಅವ್ರೂ ನಕ್ರು. ಆಮೇಲೆ ಎಂಟೇ ದಿನ. ಕರ್ಮ ಎಲ್ಲ ಮುಗಿದ ಮೇಲೆ ಚೀಟಿಯೋರು ಮನೆಗೆ ಬಂದ್ರು, ಮಿಕ್ಕ ಕಂತಿನ ವಿಷಯ ಮಾತಾಡೋಕೆ. ಆಗ ಗೊತ್ತಾಯ್ತು, ಆ ಯಾರೋ ಅಂದ್ರೆ ಅವ್ರೇ ಅಂತ."

ಮುಳಬಾಗಿಲು ಬಸ್ಸು ಬಂದು ನಿಂತಿತು. ಕ್ಲರ್ಕಮ್ಮ ಎದ್ದು ಬುಟ್ಟಿ ಎತ್ತಿಕೊಂಡರು.

"ನಗ್ತಾ ಎದುರಿಗೇ ನಿಂತಿದ್ರು ಮೇಷ್ಟ್ರೇ. ಹೆಂಗ್ ನಗ್ತಿದ್ರು ಅಂತ ನಾನು ಮುಖ ಎತ್ತಿ ನೋಡ್ಲಿಲ್ಲ. ನೋಟು ಎಣಿಸ್ತಾ ಇದ್ದೆ."